ಕೊಲೈಟಿಸ್ ಇರುವ ಹುಡುಗ ಹುಡುಗಿಯರಿಗೆ: ‘ಟೆನ್ಶನ್ ಮಾಡ್ಕೋಬೇಡ’ ಅನ್ನೋದರ ಬದಲು ಏನು ಮಾಡಬಹುದು

ಅಲ್ಸರೇಟಿವ್ ಕೊಲೈಟಿಸ್ ಅಥವಾ ಕ್ರೋನ್ಸ್ ಅನ್ನೋ ಕರುಳಿನ ಉರಿಯೂತದ ಕಾಯಿಲೆ ಇದೆ ಅಂತ ಗೊತ್ತಾದ ದಿನದಿಂದ ಅತ್ತೆ, ಮಾವ, ಪಕ್ಕದ್ಮನೆ ಆಂಟಿ ಎಲ್ಲರೂ ಪುಕ್ಕಟೆ ಕೊಡೋ ಸಲಹೆ ಒಂದೇ: ಟೆನ್ಶನ್ ಮಾಡ್ಕೋಬೇಡ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟುಬಿಡಿ. ಟೆನ್ಶನ್‌ನಿಂದ ಈ ಕಾಯಿಲೆ ಬರೋದಿಲ್ಲ. ನಮ್ಮದೇ ರೋಗನಿರೋಧಕ ವ್ಯವಸ್ಥೆ ನಮ್ಮ ಕರುಳಿನ ಮೇಲೆ ತಿರುಗಿಬಿದ್ದಿರುತ್ತೆ. ಒತ್ತಡ ಇರೋ ತೊಂದರೆಯನ್ನ ಜಾಸ್ತಿ ಮಾಡಬಹುದು, ಅಷ್ಟೇ. ‘ನೀನೇ ತಂದುಕೊಂಡೆ’ ಅನ್ನೋ ಅರ್ಥ ಬರೋ ಯಾವ ಸಲಹೆಯೂ ನಿಮಗೆ ಬೇಕಾಗಿಲ್ಲ.

ನನಗೆ ಶುರುವಾಗಿದ್ದು ಶಿವಮೊಗ್ಗದಲ್ಲಿ, ಸೆಕೆಂಡ್ ಪಿಯುಸಿ ಓದುವಾಗ. ಮೊದಲು ಉಷ್ಣ ಅಂದ್ರು, ಎಳನೀರು ಕುಡಿಸಿದ್ರು. ಆಮೇಲೆ ಪೈಲ್ಸ್ ಅಂದ್ರು. ಕೊನೆಗೆ ಕೊಲೊನೊಸ್ಕೋಪಿ, ಅಂದ್ರೆ ಕ್ಯಾಮೆರಾ ಕೊಳವೆ ಹಾಕಿ ಕರುಳು ನೋಡೋ ಪರೀಕ್ಷೆ, ನಿಜ ಹೇಳಿತು. ಇದು ಹೆಚ್ಚಾಗಿ 15ರಿಂದ 35ರ ವಯಸ್ಸಿನಲ್ಲಿ ಶುರುವಾಗೋ ಕಾಯಿಲೆ. ಪರೀಕ್ಷೆ, ಕೆಲಸ, ಮದುವೆ ಎಲ್ಲಾ ಒಟ್ಟಿಗೆ ಬರೋ ಕಾಲ. ಈ ಕಾಯಿಲೆ ಇರೋರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಆತಂಕದ, ನಾಲ್ವರಲ್ಲಿ ಒಬ್ಬರಿಗೆ ಖಿನ್ನತೆಯ ಲಕ್ಷಣ ಇರುತ್ತೆ. ಅಂದ್ರೆ ಮನಸ್ಸು ಕೆಡೋದು ನಿಮ್ಮ ವೀಕ್‌ನೆಸ್ ಅಲ್ಲ.

ಮೊದಲ ಕೆಲಸ: ಮನಸ್ಸಿನದು ಅಂದ್ಕೊಂಡಿದ್ದರಲ್ಲಿ ಮಾತ್ರೆ ಮತ್ತು ರಕ್ತದ ಪಾಲು ಎಷ್ಟು ನೋಡಿ. ಫ್ಲೇರ್ ಆದಾಗ, ಅಂದ್ರೆ ಕಾಯಿಲೆ ಮತ್ತೆ ಕೆರಳಿದಾಗ, ಕೊಡೋ ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ ನಿದ್ದೆ ಕೆಡಿಸುತ್ತೆ, ಸಿಟ್ಟು ಬರಿಸುತ್ತೆ, ಕಾರಣ ಇಲ್ಲದೆ ಅಳಿಸುತ್ತೆ. ರಾತ್ರಿ ಎರಡು ಗಂಟೆಗೆ ಎದ್ದು ಬೀರು ಪೂರ್ತಿ ಖಾಲಿ ಮಾಡಿ ಬಟ್ಟೆ ಮಡಚಿ ಜೋಡಿಸಿದವಳು ನಾನು. ಬೆಳಿಗ್ಗೆ ಚಟ್ನಿಗೆ ಉಪ್ಪು ಜಾಸ್ತಿ ಅಂತ ಅತ್ತುಬಿಟ್ಟೆ. ಮುಖ ಉಬ್ಬಿ ಕನ್ನಡಿ ನೋಡೋಕೆ ಬೇಜಾರಾಗೋದು ಬೇರೆ. ಬೆಳಿಗ್ಗೆ ತಿಂಡಿ ಆದ ಮೇಲೆ ತಗೊಂಡ್ರೆ ನಿದ್ದೆ ಸ್ವಲ್ಪ ಉಳಿಯುತ್ತೆ. ಮನೆಯವರಿಗೆ ಮೊದಲೇ ಹೇಳಿಡಿ: ‘ಈ ಮಾತ್ರೆ ಮುಗಿಯೋವರೆಗೆ ನನ್ನ ಸಿಟ್ಟನ್ನ ಮನಸ್ಸಿಗೆ ಹಚ್ಕೋಬೇಡಿ.’ ಆದರೆ ನೀವಾಗಿ ಥಟ್ಟನೆ ನಿಲ್ಲಿಸಬೇಡಿ, ಅದು ಅಪಾಯ. ಡಾಕ್ಟರೇ ಹಂತಹಂತವಾಗಿ ಇಳಿಸಬೇಕು. ಇನ್ನು ಯಾವಾಗ ನೋಡಿದ್ರೂ ಸುಸ್ತು, ಏನೂ ಬೇಡ ಅನ್ಸುತ್ತಾ? ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕಬ್ಬಿಣದ ದಾಸ್ತಾನು ತೋರಿಸೋದು), ಬಿ12, ವಿಟಮಿನ್ ಡಿ ರಕ್ತಪರೀಕ್ಷೆ ಮಾಡಿಸಿ. ಮಲದಲ್ಲಿ ರಕ್ತ ಹೋಗಿ ಹೋಗಿ ಕಬ್ಬಿಣ ಖಾಲಿಯಾದವರಿಗೆ ಪಾಸಿಟಿವ್ ಥಿಂಕಿಂಗ್ ಹೇಳಿಕೊಟ್ಟು ಏನು ಪ್ರಯೋಜನ?

ಹೊಟ್ಟೆ ಗುಡುಗಿದಾಗಲೆಲ್ಲ ‘ಫ್ಲೇರ್ ಬಂತಾ?’ ಅಂತ ಎದೆ ಹೊಡ್ಕೊಳ್ಳೋದಕ್ಕೆ ಒಂದು ಉಪಾಯ ಇದೆ. ರಕ್ತ, ಜ್ವರ, ತೂಕ ಇಳಿಯೋದು, ನಿದ್ದೆಯಿಂದ ಎಬ್ಬಿಸಿ ಓಡಿಸೋ ಭೇದಿ: ಇವು ಇದ್ರೆ ಡಾಕ್ಟರಿಗೆ ಫೋನ್ ಮಾಡಿ, ಯೋಚಿಸುತ್ತಾ ಕೂರಬೇಡಿ. ಇವೇನೂ ಇಲ್ಲದೆ ಇಂಟರ್‌ವ್ಯೂ ದಿನ ಮಾತ್ರ ನಾಲ್ಕು ಸಲ ಹೋಗುತ್ತೆ ಅಂದ್ರೆ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಟೆಸ್ಟ್ ಬಗ್ಗೆ ಕೇಳಿ. ಅದು ನಾರ್ಮಲ್ ಬಂದ್ರೆ ಉರಿಯೂತ ತಣ್ಣಗಾಗಿದೆ, ಕರುಳು ಬರೀ ಸೂಕ್ಷ್ಮವಾಗಿದೆ ಅಂತ ನಂಬೋಕೆ ಒಳ್ಳೆ ಆಧಾರ. ಇದು ಬೇರೆ ಸಮಸ್ಯೆ, ಇದಕ್ಕೆ ಸಿಬಿಟಿ (ಯೋಚನೆ, ನಡವಳಿಕೆಯ ರೂಢಿ ಬದಲಿಸೋ ಮಾತಿನ ಚಿಕಿತ್ಸೆ) ಥರದ ಥೆರಪಿ ಕೆಲಸ ಮಾಡುತ್ತೆ.

ಈಗ ಟಾಯ್ಲೆಟ್. ನಮ್ಮ ಆತಂಕದ ಮುಕ್ಕಾಲು ಪಾಲು ಇದೇ, ಆದ್ರೆ ಕೌನ್ಸೆಲಿಂಗ್‌ನಲ್ಲಿ ಕೂಡ ಯಾರೂ ನೇರವಾಗಿ ಮಾತಾಡಲ್ಲ. ನಾನು ಊರಿಗೆ ಬಸ್ಸಿನಲ್ಲಿ ಹೋಗೋದು ಬಿಟ್ಟೆ. ತಿಪಟೂರು ದಾಟಿದ ಮೇಲೆ ಅರಸೀಕೆರೆವರೆಗೆ ಡ್ರೈವರ್ ಮುಖ ನೋಡ್ತಾ ಕೂರೋದು ಯಾರಿಗೆ ಬೇಕು? ರೈಲಿನಲ್ಲಿ ಬಾಗಿಲ ಹತ್ತಿರದ ಸೀಟು. ಬ್ಯಾಗಿನಲ್ಲಿ ಒಂದು ಕಪ್ಪು ಜಿಪ್ ಪೌಚ್: ಟಿಶ್ಯೂ, ನೀರಿನ ಸಣ್ಣ ಬಾಟಲಿ, ಒಂದು ಒಳಉಡುಪು, ಪ್ಯಾಡ್, ಪ್ಲಾಸ್ಟಿಕ್ ಕವರ್, ಚಿಲ್ಲರೆ. ಪೌಚ್ ಬಳಸೋ ಪ್ರಸಂಗ ಅಪರೂಪ. ಅದು ಇದೆ ಅನ್ನೋದೇ ಅರ್ಧ ಔಷಧಿ. ಆಫೀಸ್ ದಾರಿಯಲ್ಲಿ ಶುಚಿಯಾದ ಟಾಯ್ಲೆಟ್ ಎಲ್ಲೆಲ್ಲಿ ಅಂತ ಒಂದು ಭಾನುವಾರ ಆರಾಮಾಗಿ ಓಡಾಡಿ ಗುರುತು ಮಾಡ್ಕೊಳ್ಳಿ. ಪರೀಕ್ಷೆಗೆ ಡಾಕ್ಟರ ಪತ್ರ ಮುಂಚೆಯೇ ಕೊಟ್ಟು ಬಾಗಿಲ ಪಕ್ಕದ ಸೀಟು ಕೇಳಿ.

ಮಾಡಬಾರದ್ದು ಒಂದಿದೆ: ಮನೆಯಲ್ಲೇ ಉಳಿಯೋದು. ಒಂದು ಸಲ ತಪ್ಪಿಸಿಕೊಂಡ್ರೆ ಭಯ ಇನ್ನಷ್ಟು ಕೊಬ್ಬುತ್ತೆ. ಚೆನ್ನಾಗಿರೋ ದಿನ ಸಣ್ಣದರಿಂದ ಶುರು ಮಾಡಿ. ಮೊದಲು ಮಾಲ್, ಆಮೇಲೆ ಎರಡು ಸ್ಟಾಪ್ ಮೆಟ್ರೋ, ಆಮೇಲೆ ಗೆಳತಿಯ ಜೊತೆ ಸಿನಿಮಾ. ಊಟ ಬಿಟ್ಟು ಹೋಗೋ ಚಾಳಿಯನ್ನೂ ಹೀಗೇ ನಿಧಾನಕ್ಕೆ ಬಿಡಿಸ್ಕೊಳ್ಳಿ. ಹಸಿದ ಹೊಟ್ಟೆಯಲ್ಲಿ ಧೈರ್ಯ ಎಲ್ಲಿಂದ ಬರುತ್ತೆ?

ಎಲ್ಲರಿಗೂ ಹೇಳಬೇಕಾಗಿಲ್ಲ. ಒಬ್ಬ ಗೆಳತಿ, ಒಬ್ಬ ಮ್ಯಾನೇಜರ್ ಅಥವಾ ಲೆಕ್ಚರರ್ ಸಾಕು. ಮಾತು ಚಿಕ್ಕದಾಗಿರಲಿ: ‘ನನಗೆ ಕರುಳಿನ ಕಾಯಿಲೆ ಇದೆ, ಅಂಟುರೋಗ ಅಲ್ಲ, ಟ್ರೀಟ್‌ಮೆಂಟ್ ನಡೀತಿದೆ. ಮೀಟಿಂಗ್ ಮಧ್ಯೆ ಎದ್ದು ಹೋದ್ರೆ ತಪ್ಪು ತಿಳ್ಕೋಬೇಡಿ.’ ಕನ್ನಡಿ ಮುಂದೆ ಒಂದೆರಡು ಸಲ ಹೇಳಿ ನೋಡಿ, ನಾಲಿಗೆ ಪಳಗುತ್ತೆ. ಮದುವೆ ಮನೆಯಲ್ಲಿ ‘ಯಾಕಮ್ಮಾ ಬರೀ ಅನ್ನ ತಿಳಿಸಾರು?’ ಅಂತ ಕೇಳೋರಿಗೆ ‘ಡಾಕ್ಟರ್ ಹೇಳಿದ್ದಾರೆ’ ಅಷ್ಟೇ ಉತ್ತರ. ಎಲೆ ಮುಂದೆ ಕೂತು ಕರುಳಿನ ಪಾಠ ಮಾಡೋಕಾಗಲ್ಲ.

ಅಮ್ಮಂದಿರ ವಿಷಯ ಬೇರೆ. ನಮ್ಮಮ್ಮ ದಿನಾ ಬೆಳಿಗ್ಗೆ ಫೋನಿನಲ್ಲಿ ‘ಎಷ್ಟು ಸಲ ಹೋದೆ?’ ಅಂತಲೇ ಮಾತು ಶುರು ಮಾಡ್ತಿದ್ಲು. ಈಗ ವಾಟ್ಸಾಪ್‌ನಲ್ಲಿ ಒಂದು ಬಣ್ಣದ ಚುಕ್ಕೆ ಕಳಿಸ್ತೀನಿ: ಹಸಿರು, ಹಳದಿ, ಇಲ್ಲಾ ಕೆಂಪು. ಕೆಂಪಾದ್ರೆ ಮಾತ್ರ ಆ ವಿಷಯ. ಉಳಿದ ದಿನ ಪಕ್ಕದ ಬೀದಿಯ ಸುದ್ದಿ ಮಾತಾಡ್ತೀವಿ.

ಸಂಬಂಧ ನೋಡುವಾಗ ಮುಚ್ಚಿಡಬೇಡಿ. ಮಾತ್ರೆ ಡಬ್ಬಿಯನ್ನ ಜೀವನಪೂರ್ತಿ ಎಲ್ಲಿ ಬಚ್ಚಿಡ್ತೀರಿ? ಕಾಯಿಲೆ ಹತೋಟಿಯಲ್ಲಿದ್ದಾಗ ಡಾಕ್ಟರ ಜೊತೆ ಯೋಜನೆ ಮಾಡಿಕೊಂಡ್ರೆ ಬಹಳಷ್ಟು ಜನಕ್ಕೆ ಮಕ್ಕಳಾಗೋಕೆ ಅಡ್ಡಿ ಇಲ್ಲ.

ಎರಡು ವಾರ ದಾಟಿದರೂ ಯಾವುದರಲ್ಲೂ ಮನಸ್ಸಿಲ್ಲ, ಮಾತ್ರೆ ನುಂಗೋಕೂ ಬೇಜಾರು ಅನ್ನಿಸಿದ್ರೆ ಸಹಾಯ ತಗೊಳ್ಳಿ. ಓಪಿಡಿಯಲ್ಲಿ ಸಿಗೋದು ಐದು ನಿಮಿಷ, ಆದ್ದರಿಂದ ಚೀಟಿಯ ಮೊದಲ ಸಾಲಿನಲ್ಲೇ ‘ನಿದ್ದೆ ಇಲ್ಲ, ಅಳು ಬರುತ್ತೆ’ ಅಂತ ಬರೆದು ಡಾಕ್ಟರ ಕೈಗೆ ಕೊಡಿ. ಮನೋವೈದ್ಯರಿಗೆ ಕರುಳಿನ ಕಾಯಿಲೆಯನ್ನೂ ಎಲ್ಲಾ ಮಾತ್ರೆಗಳನ್ನೂ ತೋರಿಸಿ. ಖಿನ್ನತೆಯ ಕೆಲವು ಮಾತ್ರೆ ಮೊದಮೊದಲು ಭೇದಿ ತರಿಸಬಹುದು, ಗೊತ್ತಿಲ್ಲದಿದ್ರೆ ಅದನ್ನೇ ಫ್ಲೇರ್ ಅಂದ್ಕೊಳ್ತೀರಿ. ಡಾಕ್ಟರ ಹತ್ತಿರ ಹೋಗೋಕೆ ತಡವಾಗುತ್ತೆ ಅಂದ್ರೆ ಟೆಲಿ ಮಾನಸ್ ಇದೆ: 14416. 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ಸಾಯೋ ಯೋಚನೆ ಬಂದ್ರೆ ಬೆಳಗಾಗಲಿ ಅಂತ ಕಾಯಬೇಡಿ. ಆ ನಂಬರಿಗೆ ಆಗಲೇ ಫೋನ್ ಮಾಡಿ, ಪಕ್ಕದ ರೂಮಿನಲ್ಲಿ ಮಲಗಿರೋರನ್ನ ಎಬ್ಬಿಸಿ, ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.