ಸುಟ್ಟ ಟ್ರಾನ್ಸಿಸ್ಟರ್‌ನ ಹಿಂದಿದ್ದ ದೋಷ: ಹಳೆಯ ಪವರ್ ಆಂಪ್ಲಿಫೈಯರ್ ದುರಸ್ತಿಯ ನನ್ನ ಅನುಭವ

1970ರ ದಶಕದ ಸ್ಟೀರಿಯೊ ಪವರ್ ಆಂಪ್ಲಿಫೈಯರೊಂದು ನನ್ನ ಕೈಗೆ ಬಂದಾಗ ಅದರ ಎಡ ಚಾನೆಲ್ ಸರಿಯಾಗಿತ್ತು, ಬಲ ಚಾನೆಲ್ ಸದ್ದಿಲ್ಲದೆ ಬಿದ್ದಿತ್ತು. ಮುಚ್ಚಳ ತೆಗೆದು ನೋಡಿದರೆ ಬಲಗಡೆಯ ಫ್ಯೂಸ್ ಹೋಗಿತ್ತು. ಔಟ್‌ಪುಟ್ ಹಂತದ ಎರಡೂ 2ಎನ್3055 ಟ್ರಾನ್ಸಿಸ್ಟರ್‌ಗಳ ಕಲೆಕ್ಟರ್ ಮತ್ತು ಎಮಿಟರ್ ಎಂಬ ತುದಿಗಳ ನಡುವೆ ಮಲ್ಟಿಮೀಟರ್ ಬಹುತೇಕ ಸೊನ್ನೆ ಓಮ್ ತೋರಿಸಿತು, ಅಂದರೆ ಅವು ಒಳಗೇ ಶಾರ್ಟ್ ಆಗಿದ್ದವು. ಕಾರಣ ಸಿಕ್ಕಿತೆಂದು ಭಾವಿಸಿ ಹೊಸ ಜೋಡಿಯನ್ನು ಹಾಕಿ, ಫ್ಯೂಸ್ ಬದಲಿಸಿ, ನೇರವಾಗಿ ಮೇನ್ಸ್‌ಗೆ ಜೋಡಿಸಿದೆ. ಕ್ಷಣಾರ್ಧದಲ್ಲಿ ಹೊಸ ಜೋಡಿಯೂ ಸುಟ್ಟುಹೋಯಿತು. ಅರೆವಾಹಕವು ಫ್ಯೂಸ್‌ಗಿಂತ ಬೇಗ ಸಾಯುತ್ತದೆ ಎಂಬುದನ್ನು ಓದಿ ತಿಳಿದಿದ್ದೆ, ಅಂದು ಕಣ್ಣಾರೆ ಕಂಡೆ.

ಎರಡನೆಯ ಸಲ ಕೆಲಸವನ್ನು ಬೇರೆ ಕ್ರಮದಲ್ಲಿ ಆರಂಭಿಸಿದೆ. ಮೊದಲು 60 ವ್ಯಾಟ್‌ನ ತಂತು ಬಲ್ಬನ್ನು ಮೇನ್ಸ್‌ನ ಫೇಸ್ ತಂತಿಯಲ್ಲಿ ಸರಣಿಯಾಗಿ ಸೇರಿಸಿ ಒಂದು ಸೀರೀಸ್ ಲ್ಯಾಂಪ್ ಸಿದ್ಧಮಾಡಿಕೊಂಡೆ. ಆಂಪ್ಲಿಫೈಯರ್ ಆರೋಗ್ಯವಾಗಿದ್ದರೆ ಫಿಲ್ಟರ್ ಕೆಪಾಸಿಟರ್‌ಗಳು ತುಂಬಿಕೊಳ್ಳುವಾಗ ಬಲ್ಬ್ ಒಮ್ಮೆ ಮಿಂಚಿ ಮಂಕಾಗುತ್ತದೆ. ಒಳಗೆ ಶಾರ್ಟ್ ಇದ್ದರೆ ಪ್ರಕಾಶವಾಗಿಯೇ ಉಳಿದು, ವಿದ್ಯುತ್ ಪ್ರವಾಹವನ್ನು ತಾನೇ ತಡೆದು ಉಳಿದ ಭಾಗಗಳನ್ನು ಕಾಪಾಡುತ್ತದೆ. ಇಷ್ಟು ಸರಳವಾದ ಸಾಧನವಿಲ್ಲದೆ ದುರಸ್ತಿಗೆ ಯಾರೂ ಕೈಹಾಕಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಫಿಲ್ಟರ್ ಕೆಪಾಸಿಟರ್‌ಗಳ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು. 40 ವೋಲ್ಟ್‌ಗೆ ತುಂಬಿದ 10,000 ಮೈಕ್ರೊಫ್ಯಾರಡ್ ಕೆಪಾಸಿಟರ್‌ನಲ್ಲಿ 8 ಜೂಲ್ ಶಕ್ತಿ ಇರುತ್ತದೆ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವ ಬದಲು 100 ಓಮ್, 10 ವ್ಯಾಟ್ ರೆಸಿಸ್ಟರ್‌ನ ಮೂಲಕ ಅದನ್ನು ಖಾಲಿ ಮಾಡಿ, ಮೀಟರ್‌ನಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ಬೋರ್ಡ್ ಮುಟ್ಟುತ್ತಿದ್ದೆ.

ಸರ್ಕ್ಯೂಟ್ ನಕ್ಷೆ ನನ್ನ ಬಳಿ ಇರಲಿಲ್ಲ. ಆದರೆ ಸ್ಟೀರಿಯೊ ಯಂತ್ರದಲ್ಲಿ ಕೆಡದೆ ಉಳಿದ ಚಾನೆಲ್‌ಗಿಂತ ಉತ್ತಮವಾದ ನಕ್ಷೆ ಬೇರೆ ಬೇಕಿಲ್ಲ. ವಿದ್ಯುತ್ ಆರಿಸಿ, ಎರಡೂ ಚಾನೆಲ್‌ಗಳ ಅದೇ ಅದೇ ಬಿಂದುಗಳಲ್ಲಿ ಓಮ್ ಅಳೆದು, ಕಾಗದದ ಮೇಲೆ ಅಕ್ಕಪಕ್ಕ ಬರೆಯುತ್ತಾ ಹೋದೆ. ಬಲಗಡೆಯ ಒಂದು ಎಮಿಟರ್ ರೆಸಿಸ್ಟರ್ ಒಳಗೆ ಕಡಿದು ತೆರೆದುಕೊಂಡಿತ್ತು, ಔಟ್‌ಪುಟ್ ಜೋಡಿಯನ್ನು ನಡೆಸುವ ಒಂದು ಡ್ರೈವರ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿತ್ತು. ಇವೆಲ್ಲವೂ ಔಟ್‌ಪುಟ್ ಜೋಡಿಯೊಂದಿಗೆ ಬಲಿಯಾದವುಗಳೇ ಹೊರತು ಮೂಲವಲ್ಲ. ಮೂಲ ಸಿಕ್ಕಿದ್ದು ಬಯಾಸ್ ಹೊಂದಿಸುವ ಪುಟ್ಟ ಟ್ರಿಮ್‌ಪಾಟ್‌ನಲ್ಲಿ, ಅಂದರೆ ತಿರುಗಿಸಿ ಬೆಲೆ ಬದಲಿಸಬಹುದಾದ ರೆಸಿಸ್ಟರ್‌ನಲ್ಲಿ: ಎಡಗಡೆ ಕೆಲವು ನೂರು ಓಮ್ ಇದ್ದಲ್ಲಿ ಬಲಗಡೆ ಮೀಟರ್ ಸಂಪರ್ಕವೇ ಇಲ್ಲವೆಂದು ತೋರಿಸಿತು. ದಶಕಗಳ ಕಾಲ ತೆರೆದ ಗಾಳಿಗೆ ಒಡ್ಡಿಕೊಂಡಿದ್ದ ಅದರ ವೈಪರ್, ಅಂದರೆ ಜಾರುವ ಸಂಪರ್ಕ ತುದಿ, ಕಾರ್ಬನ್ ಪಥದಿಂದ ಸಂಪರ್ಕ ಕಳೆದುಕೊಂಡಿತ್ತು.

ಇದರ ಪರಿಣಾಮವನ್ನು ಸ್ವಲ್ಪ ವಿವರಿಸಬೇಕು. ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳ ನಿಶ್ಚಲ ಪ್ರವಾಹವನ್ನು, ಅಂದರೆ ಸಂಗೀತವಿಲ್ಲದಾಗಲೂ ಹರಿಯುವ ಪ್ರವಾಹವನ್ನು, ನಿರ್ಧರಿಸುವ ಬಯಾಸ್ ಟ್ರಾನ್ಸಿಸ್ಟರ್‌ನ ಕಲೆಕ್ಟರ್ ಮತ್ತು ಬೇಸ್ ನಡುವೆ ಈ ಟ್ರಿಮ್‌ಪಾಟ್ ಇತ್ತು. ಅದು ತೆರೆದುಕೊಂಡರೆ ಬೇಸ್‌ಗೆ ಪ್ರವಾಹ ಸಿಗದೆ ಆ ಟ್ರಾನ್ಸಿಸ್ಟರ್ ಆಫ್ ಆಗುತ್ತದೆ, ಬಯಾಸ್ ವೋಲ್ಟೇಜ್ ಗರಿಷ್ಠಕ್ಕೆ ಏರುತ್ತದೆ, ಎರಡೂ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಏಕಕಾಲಕ್ಕೆ ಪೂರ್ತಿ ಆನ್ ಆಗಿ ವಿದ್ಯುತ್ ಪೂರೈಕೆಯನ್ನೇ ಶಾರ್ಟ್ ಮಾಡುತ್ತವೆ. ಅದೇ ಟ್ರಿಮ್‌ಪಾಟ್ ಬೇಸ್ ಮತ್ತು ಎಮಿಟರ್ ನಡುವೆ ಇದ್ದಿದ್ದರೆ, ಕೆಟ್ಟಾಗ ಬಯಾಸ್ ಕನಿಷ್ಠಕ್ಕೆ ಇಳಿದು, ಧ್ವನಿ ತುಸು ಒರಟಾಗುವುದಕ್ಕಿಂತ ಹೆಚ್ಚಿನ ಹಾನಿ ಆಗುತ್ತಿರಲಿಲ್ಲ. ಹಳೆಯ ಯಂತ್ರವನ್ನು ಮೂಲ ಸ್ಥಿತಿಯಲ್ಲೇ ಉಳಿಸಬೇಕೆಂದು ನಾನು ಸಾಮಾನ್ಯವಾಗಿ ಬಯಸುತ್ತೇನಾದರೂ, ಇಲ್ಲಿ ಹಾಗೆ ಬಿಡಲು ಮನಸ್ಸು ಒಪ್ಪಲಿಲ್ಲ. ಮುಚ್ಚಿದ ಬಹುಸುತ್ತಿನ ಟ್ರಿಮ್‌ಪಾಟ್ ತಂದು ಬೇಸ್-ಎಮಿಟರ್ ಕಡೆಗೆ ಜೋಡಿಸಿ, ಉಳಿದ ರೆಸಿಸ್ಟರ್‌ಗಳ ಬೆಲೆಗಳನ್ನು ಲೆಕ್ಕಹಾಕಿ ಬದಲಿಸಿದೆ.

ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳನ್ನು ಹಾಕುವಾಗ ವಿದ್ಯುತ್ ತಡೆಯುವ ಹಳೆಯ ಮೈಕಾ ಹಾಳೆಗಳನ್ನು ಬದಲಿಸಿ, ಎರಡೂ ಬದಿಗೆ ಥರ್ಮಲ್ ಪೇಸ್ಟ್ ತೆಳುವಾಗಿ ಸವರಿ, ಕವಚಕ್ಕೂ ಹೀಟ್‌ಸಿಂಕ್‌ಗೂ ಸಂಪರ್ಕವಿಲ್ಲವೆಂದು ಮೀಟರ್‌ನಲ್ಲಿ ನೋಡಿಕೊಂಡೆ. ಇನ್ನೊಂದು ಸಂಗತಿ ಗಮನಾರ್ಹ: ಮೊದಲ ಕಾಲದ 2ಎನ್3055ಗಳಿಗಿಂತ ಇಂದಿನ ಎಪಿಟ್ಯಾಕ್ಸಿಯಲ್ ಎಂಬ ತಯಾರಿಕಾ ವಿಧಾನದವು ಹೆಚ್ಚು ವೇಗವಾದವು, ಆದ್ದರಿಂದ ನಿಧಾನದ ಭಾಗಗಳನ್ನು ನಂಬಿ ರಚಿಸಿದ ಸರ್ಕ್ಯೂಟ್ ಅವುಗಳೊಂದಿಗೆ ಆಸಿಲೇಟ್ ಆಗಬಹುದು, ಅಂದರೆ ತಾನಾಗಿಯೇ ಕಂಪಿಸತೊಡಗಬಹುದು. ಇಲ್ಲೂ ಅದರ ಸೂಚನೆ ಸಿಕ್ಕಿತು: ಪರೀಕ್ಷೆಗೆಂದು ಚಾಲೂ ಮಾಡಿದಾಗ ಆಸಿಲೋಸ್ಕೋಪಿನಲ್ಲಿ ಸೈನ್ ತರಂಗದ ಕೆಳಗಿನ ಅರ್ಧದ ಗೆರೆ ದಪ್ಪಗಾಗಿ ಕಂಡಿತು. ಇಂಥ ಕಂಪನವನ್ನು ತಡೆಯಲೆಂದು ಔಟ್‌ಪುಟ್‌ನಲ್ಲಿರುವ 10 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೊಫ್ಯಾರಡ್ ಕೆಪಾಸಿಟರ್‌ನ ಜೋಡಿಯನ್ನು ಪರೀಕ್ಷಿಸಿದಾಗ ರೆಸಿಸ್ಟರ್ ಕರಕಲಾಗಿತ್ತು. ಎರಡನ್ನೂ ಬದಲಿಸಿದ ಮೇಲೆ ಗೆರೆ ಶುಭ್ರವಾಯಿತು.

ಟ್ರಿಮ್‌ಪಾಟನ್ನು ಗರಿಷ್ಠ ರೆಸಿಸ್ಟೆನ್ಸ್‌ಗೆ, ಅಂದರೆ ಕನಿಷ್ಠ ಬಯಾಸ್‌ಗೆ ತಿರುಗಿಸಿ, ಸ್ಪೀಕರ್ ಇಲ್ಲದೆ, ಸೀರೀಸ್ ಲ್ಯಾಂಪಿನ ಮೂಲಕ ಮತ್ತೆ ಚಾಲೂ ಮಾಡಿದೆ. ಬಲ್ಬ್ ಮಿಂಚಿ ಮಂಕಾಯಿತು. ಔಟ್‌ಪುಟ್‌ನಲ್ಲಿ ಡಿಸಿ 18 ಮಿಲಿವೋಲ್ಟ್ ಮಾತ್ರ ಇದ್ದುದರಿಂದ ಬಲ್ಬ್ ತೆಗೆದು ಪೂರ್ಣ ಮೇನ್ಸ್ ಕೊಟ್ಟು, 0.47 ಓಮ್ ಎಮಿಟರ್ ರೆಸಿಸ್ಟರ್‌ನ ತುದಿಗಳಲ್ಲಿ 12 ಮಿಲಿವೋಲ್ಟ್ ಬರುವಂತೆ, ಅಂದರೆ ಸುಮಾರು 25 ಮಿಲಿಆಂಪಿಯರ್ ಹರಿಯುವಂತೆ ನಿಧಾನವಾಗಿ ಹೊಂದಿಸಿದೆ. ಹೀಟ್‌ಸಿಂಕ್ ಬಿಸಿಯಾಗುತ್ತಾ ಈ ಅಂಕಿ ಬದಲಾಗುವುದರಿಂದ ಅರ್ಧ ಗಂಟೆ ಕಾದು ಮತ್ತೊಮ್ಮೆ ಸರಿಪಡಿಸಿದೆ.

ಸ್ಪೀಕರ್ ಜೋಡಿಸುವ ಮೊದಲು ಎಡ ಚಾನೆಲ್‌ನ ಟ್ರಿಮ್‌ಪಾಟನ್ನೂ ಅದೇ ರೀತಿ ಬದಲಿಸಿದೆ. ಅದರಲ್ಲಿ ಆಗ ಯಾವ ದೋಷವೂ ಇರಲಿಲ್ಲ, ಆದರೆ ಬಲಗಡೆಯದರಷ್ಟೇ ವಯಸ್ಸು ಅದಕ್ಕೂ ಆಗಿತ್ತು.