ಮಳೆ ಲೆಕ್ಕಕ್ಕೊಂದು ಸರಳ ತಂತ್ರಾಂಶ: ಬರೆಯುವುದು ಹೇಗೆ?

ಕೊಡಗಿನ ತೋಟದ ಮನೆಗಳಲ್ಲಿ ಬೆಳಗಿನ ಕಾಫಿಗೂ ಮೊದಲು ಅಂಗಳದ ಮಳೆಮಾಪಕ ನೋಡುವವರಿದ್ದಾರೆ. ‘ನಿಮ್ಮಲ್ಲಿ ಎಷ್ಟು ಬಂತು?’ ಎಂದು ಫೋನಿನಲ್ಲಿ ಕೇಳಿದರೆ ಉತ್ತರ ಮಿಲಿಮೀಟರಿನಲ್ಲಿ ಬರುವುದಿಲ್ಲ, ‘ಒಂದು ಇಂಚು ಇಪ್ಪತ್ತು ಸೆಂಟ್’ ಎಂದೇ ಬರುತ್ತದೆ. ಇಂಚಿನ ನೂರನೇ ಒಂದು ಭಾಗವೇ ಸೆಂಟ್. ತಂತ್ರಾಂಶವನ್ನು ಸರಳವಾಗಿ ಬರೆಯಲು ಕಲಿಯುವವರಿಗೆ ಈ ಲೆಕ್ಕಕ್ಕಿಂತ ಒಳ್ಳೆಯ ಕೆಲಸ ಸಿಗಲಾರದು. ನಾನಂತೂ ಅದನ್ನು ಒಮ್ಮೆ ಕೆಡಿಸಿಯೇ ಕಲಿತೆ.

ನನ್ನ ಮೊದಲ ಆವೃತ್ತಿಯಲ್ಲಿ ಪಾಸ್‌ವರ್ಡ್ ಇತ್ತು, ಬಣ್ಣದ ನಕ್ಷೆ ಇತ್ತು, ಅಂಕಿಅಂಶವೆಲ್ಲ ದೂರದ ಸರ್ವರ್‌ನಲ್ಲಿತ್ತು. ಕಕ್ಕಡದ (ಕೊಡವರ ಮಳೆಗಾಲದ ತಿಂಗಳು) ಗಾಳಿಗೆ ಮರ ಬಿದ್ದು ಮೂರು ದಿನ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಅಪ್ಪ ಏನೂ ಹೇಳದೆ ಹಳೆಯ ಡೈರಿ ತೆಗೆದು ಬರೆಯತೊಡಗಿದರು.

ಆದ್ದರಿಂದ ಮೊದಲು ಆ ಡೈರಿಯನ್ನೇ ಓದಿ. ಕಂಪ್ಯೂಟರ್ ಆಮೇಲೆ. ನಮ್ಮ ಡೈರಿಯಲ್ಲಿದ್ದದ್ದು ದಿನಾಂಕ, ಇಂಚು, ಸೆಂಟ್, ಅಪರೂಪಕ್ಕೆ ‘ಹೂಮಳೆ’ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಅಥವಾ ‘ಆಲಿಕಲ್ಲು’ ಎಂಬ ಒಂದು ಮಾತು. ಇಷ್ಟು ವರ್ಷ ಯಾರೂ ಬರೆಯದ ವಿವರವನ್ನು ತಂತ್ರಾಂಶ ಕೇಳಬೇಕಾಗಿಲ್ಲ.

ಮುಂದೆ, ದಿನಕ್ಕೊಂದು ಸಾಲಿನಂತೆ ಸಾದಾ ಪಠ್ಯ ಕಡತದಲ್ಲಿ ಉಳಿಸಿ. ‘2025-04-12, 120, ಹೂಮಳೆ’. ಇದನ್ನು ಯಾವ ಕಂಪ್ಯೂಟರ್ ಬೇಕಾದರೂ ತೆರೆಯುತ್ತದೆ, ನೀವು ಬರೆದ ಪ್ರೋಗ್ರಾಂ ಹಾಳಾದರೂ ಕಣ್ಣಿನಿಂದ ಓದಬಹುದು.

ಇಲ್ಲಿ 1.20 ಎನ್ನದೆ 120 ಎಂದು ಬರೆದದ್ದಕ್ಕೆ ಕಾರಣವಿದೆ. ಕಂಪ್ಯೂಟರ್ ದಶಮಾಂಶಗಳನ್ನು ದ್ವಿಮಾನ ಪದ್ಧತಿಯಲ್ಲಿ, ಅಂದರೆ ಬರೀ 0 ಮತ್ತು 1ರಲ್ಲಿ, ಇಟ್ಟುಕೊಳ್ಳುವುದರಿಂದ, 0.1ಕ್ಕೆ 0.2 ಕೂಡಿಸಿದರೆ ಹಲವು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ 0.30000000000000004 ಎಂಬ ಉತ್ತರ ಬರುತ್ತದೆ. ಸೆಂಟನ್ನು ಪೂರ್ಣಾಂಕವಾಗಿ ಇಟ್ಟರೆ ಈ ತಕರಾರೇ ಇಲ್ಲ. ತೋರಿಸುವಾಗ ಮಾತ್ರ ನೂರರಿಂದ ಭಾಗಿಸಿ. ಮಿಲಿಮೀಟರ್ ಬೇಕೆಂದವರಿಗೆ 0.254ರಿಂದ ಗುಣಿಸಿ: 120 ಸೆಂಟ್ ಎಂದರೆ 30.48 ಮಿಲಿಮೀಟರ್.

ಸೊನ್ನೆಗೂ ಖಾಲಿಗೂ ವ್ಯತ್ಯಾಸ ಇರಲಿ. ಮಳೆ ಬಾರದ ದಿನ 0. ಮದುವೆಗೆ ಹೋಗಿ ಅಳತೆ ನೋಡದ ದಿನ ಖಾಲಿ. ಎರಡನ್ನೂ ಸೊನ್ನೆ ಮಾಡಿದರೆ ಏಪ್ರಿಲ್ ತಿಂಗಳ ಮೊತ್ತ ಸುಳ್ಳು ಹೇಳುತ್ತದೆ, ಅದೂ ಹೂಮಳೆಯ ಲೆಕ್ಕ ಮುಖ್ಯವಾಗುವ ಹೊತ್ತಿನಲ್ಲೇ. ರಾತ್ರಿ ಸುರಿದದ್ದು ಯಾವ ದಿನದ್ದು ಎಂಬುದನ್ನೂ ಒಮ್ಮೆ ನಿಶ್ಚಯಿಸಿಬಿಡಿ. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಮುಗಿಯುವ 24 ಗಂಟೆಗಳನ್ನು ಒಂದು ದಿನವೆಂದು ಎಣಿಸುತ್ತದೆ. ನಾವೂ ಅದನ್ನೇ ಹಿಡಿದೆವು.

ಸಿದ್ಧ ಕೋಡ್ ಎರವಲು ತರುವಾಗ ಕೈ ಬಿಗಿ ಇರಲಿ. 2016ರ ಮಾರ್ಚ್‌ನಲ್ಲಿ ‘ಲೆಫ್ಟ್‌-ಪ್ಯಾಡ್’ ಎಂಬ ಹನ್ನೊಂದು ಸಾಲಿನ ತುಣುಕನ್ನು ಅದರ ಕರ್ತೃ ಎನ್‌ಪಿಎಂ ಎಂಬ ಸಾರ್ವಜನಿಕ ಸಂಗ್ರಹದಿಂದ ತೆಗೆದುಹಾಕಿದಾಗ ಅದನ್ನು ನೆಚ್ಚಿದ್ದ ಸಾವಿರಾರು ಯೋಜನೆಗಳು ಮುಗ್ಗರಿಸಿದವು. ಪದದ ಎಡಕ್ಕೆ ಖಾಲಿ ಜಾಗ ತುಂಬಿಸುವುದಷ್ಟೇ ಅದರ ಕೆಲಸ! ತಿಂಗಳ ಮೊತ್ತ ಕೂಡಿಸಲು ನೀವೇ ಐದಾರು ಸಾಲು ಬರೆಯಬಲ್ಲಿರಿ.

ಆಮೇಲೆ ಬೇಡಿಕೆಗಳು ಬರುತ್ತವೆ. ‘ಆಳುಗಳ ಹಾಜರಿಯನ್ನೂ ಇದರಲ್ಲೇ ಸೇರಿಸಬಾರದೇ?’ ಎಂದು ಅಪ್ಪ ಕೇಳಿದರು. ‘ತೋಟದ ಲೆಕ್ಕ ಬರೆಯುವ ರೈಟರ್ ಹಾಜರಿಯನ್ನು ಮಳೆ ಡೈರಿಯಲ್ಲಿ ಬರೆಯುತ್ತಾರೆಯೇ ಅಪ್ಪಾ?’ ಎಂದೆ. ನಕ್ಕು ಸುಮ್ಮನಾದರು.

ಒಂದನ್ನು ಮಾತ್ರ ಸೇರಿಸಿದೆ: ಹಿಂದಿನ ದಿನಾಂಕ ಹಾಕಿ ಬರೆಯುವ ಸೌಲಭ್ಯ. ಕರೆಂಟ್ ಹೋದ ದಿನಗಳ ಮಳೆ ಈಗಲೂ ಡೈರಿಯಲ್ಲೇ ಇರುತ್ತದೆ. ಕರೆಂಟ್ ಬಂದ ಮೇಲೆ ಅಪ್ಪ ಓದಿ ಹೇಳುತ್ತಾರೆ, ನಾನು ತುಂಬಿಸುತ್ತೇನೆ.