ಪಾರ್ಶ್ವವಾಯು ಆದವರಿಗೆ ಗಂಜಿ ಕುಡಿಸುವ ಮುನ್ನ

ಆಸ್ಪತ್ರೆಯಿಂದ ಮನೆಗೆ ಬಂದವರಿಗೆ ನಮ್ಮ ಕಡೆ ಮೊದಲು ಕೊಡುವುದೇ ಗಂಜಿ. ಕಾರವಾರ, ಅಂಕೋಲಾ, ಕುಮಟಾದಲ್ಲಿ ಕುಚ್ಚಲಕ್ಕಿ ಗಂಜಿ. ಘಟ್ಟ ಹತ್ತಿ ಶಿರಸಿಗೆ ಹೋದರೆ ಮೆತ್ತಗಿನ ಅನ್ನ, ಮೇಲೆ ತೆಳ್ಳಗಿನ ತಂಬುಳಿ. ಹೊಟ್ಟೆಗೆ ಹಗುರ, ನಿಜ. ಆದರೆ ಪಾರ್ಶ್ವವಾಯು ಹೊಡೆದವರ ಗಂಟಲಿಗೆ ಇದು ತುಂಬ ಕಷ್ಟದ ಊಟ. ಗಂಜಿಯಲ್ಲಿ ತಿಳಿ ಬೇರೆ, ಅಗುಳು ಬೇರೆ. ಬಾಯಿ ಇನ್ನೂ ಅಗುಳನ್ನು ಅಗಿಯುತ್ತಿರುವಾಗಲೇ ತಿಳಿ ಹಿಂದಕ್ಕೆ ಜಾರಿ ಗಂಟಲಿಗೆ ಇಳಿದಿರುತ್ತದೆ.

ನುಂಗುವ ಹೊತ್ತಿಗೆ ಧ್ವನಿಪೆಟ್ಟಿಗೆ ಮೇಲಕ್ಕೆ ಎದ್ದು ಉಸಿರಿನ ದಾರಿ ಮುಚ್ಚಬೇಕು. ಪಾರ್ಶ್ವವಾಯು ಆದಾಗ ಈ ಕೆಲಸ ತಡವಾಗುತ್ತದೆ. ಆಗ ನೀರೋ ಗಂಜಿಯೋ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಮೊದಲ ದಿನಗಳಲ್ಲಿ ಸುಮಾರು ಅರ್ಧದಷ್ಟು ರೋಗಿಗಳಿಗೆ ನುಂಗುವ ತೊಂದರೆ ಇರುತ್ತದೆ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಸುಧಾರಿಸುತ್ತದೆ. ಆ ವಾರಗಳನ್ನು ಸುರಕ್ಷಿತವಾಗಿ ದಾಟಿಸುವುದು ಹೇಗೆ ಎಂಬುದೇ ಇಲ್ಲಿನ ವಿಷಯ.

ಮೊದಲ ಹೆಜ್ಜೆ ಆಸ್ಪತ್ರೆಯಲ್ಲೇ

ಡಿಸ್ಚಾರ್ಜ್ ಆಗುವ ಮೊದಲು ಒಂದು ಪ್ರಶ್ನೆ ಕೇಳಿ: ‘ಇವರ ನುಂಗುವಿಕೆ ಪರೀಕ್ಷೆ ಆಗಿದೆಯಾ? ಏನು ಕೊಡಬಹುದು, ಏನು ಕೊಡಬಾರದು?’ ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಮೂಗಿಗೆ ನಳಿಗೆ ಹಾಕಿದ್ದರೆ, ‘ಒಂದು ಚಮಚ ಬಾಯಿಗೂ ಹಾಕೋಣ’ ಎಂದು ಸುಮ್ನೆ ಪ್ರಯತ್ನಿಸಬೇಡಿ. ಡಾಕ್ಟರ್ ಅಥವಾ ಸ್ಪೀಚ್ ಥೆರಪಿಸ್ಟ್ ಒಪ್ಪಿದ ಮೇಲೆಯೇ ಬಾಯಿಯ ಊಟ. ಹೌದು, ನುಂಗಲು ಕಲಿಸುವವರೂ ಸ್ಪೀಚ್ ಥೆರಪಿಸ್ಟ್‌ಗಳೇ. ಮಾತಿಗೂ ನುಂಗುವುದಕ್ಕೂ ಬೇಕಾದ ಸ್ನಾಯುಗಳು ಬಹುಪಾಲು ಒಂದೇ.

ಮನೆಗೆ ಬಂದ ಮೇಲೆ ಈ ಲಕ್ಷಣಗಳ ಮೇಲೆ ಕಣ್ಣಿಡಿ: ಊಟದ ನಡುವೆ ಕೆಮ್ಮು, ಕಣ್ಣಲ್ಲಿ ನೀರು, ತಿಂದ ಮೇಲೆ ಗಂಟಲಲ್ಲಿ ನೀರು ನಿಂತಂತೆ ಗಳಗಳ ಎನ್ನುವ ದನಿ, ಮತ್ತೆ ಮತ್ತೆ ಬರುವ ಜ್ವರ, ಇಳಿಯುವ ತೂಕ. ಕೆಮ್ಮಿದರೆ ನಾವು ‘ನೆತ್ತಿಗೆ ಹತ್ತಿತು’ ಎಂದು ತಲೆ ತಟ್ಟಿ, ಮೇಲೆ ನೀರು ಕುಡಿಸುತ್ತೇವೆ. ಆ ನೀರೇ ಅಪಾಯ. ಇನ್ನು ಕೆಲವರಿಗೆ ಕೆಮ್ಮೇ ಬರುವುದಿಲ್ಲ. ಸದ್ದಿಲ್ಲದೆ ಒಳಗಿಳಿಯುತ್ತದೆ. ಅದಕ್ಕೇ ಜ್ವರವನ್ನು ಹಗುರವಾಗಿ ನೋಡಬೇಡಿ.

ಊಟ ಮಾಡಿಸುವ ಬಗೆ

ಹಾಸಿಗೆಯಲ್ಲಿ ಒರಗಿಸಿ ತಿನ್ನಿಸಬೇಡಿ. ಕುರ್ಚಿಯಲ್ಲಿ ಬೆನ್ನು ನೇರ ಇರುವಂತೆ ಕೂರಿಸಿ, ಪಾದ ನೆಲಕ್ಕೆ ತಾಗಲಿ. ಬಲವಿಲ್ಲದ ಕಡೆಗೆ ದಿಂಬು ಒತ್ತಾಗಿಡಿ. ನೀವೂ ಎದುರಿಗೆ ಕುಳಿತುಕೊಳ್ಳಿ. ನಿಂತು ತಿನ್ನಿಸಿದರೆ ಅವರು ತಲೆ ಎತ್ತುತ್ತಾರೆ, ತಲೆ ಎತ್ತಿದರೆ ಉಸಿರಿನ ದಾರಿ ತೆರೆದುಕೊಳ್ಳುತ್ತದೆ. ಗದ್ದ ಕೆಳಗಿಟ್ಟು ನುಂಗುವುದು ಕೆಲವರಿಗೆ ಒಳ್ಳೆಯದು, ಎಲ್ಲರಿಗೂ ಅಲ್ಲ. ಅದನ್ನು ಥೆರಪಿಸ್ಟ್ ಹೇಳಲಿ.

ಟೀ ಚಮಚದಲ್ಲಿ ಅರ್ಧ ತೆಗೆದುಕೊಳ್ಳಿ. ಬಲವಿರುವ ಕೆನ್ನೆಯ ಕಡೆ ಇಡಿ. ಈಗ ಗಂಟಲನ್ನೇ ನೋಡಿ. ಅಲ್ಲಿನ ಉಬ್ಬು ಮೇಲಕ್ಕೆ ಹೋಗಿ ಕೆಳಗಿಳಿಯಿತಾ? ಆಗ ನುಂಗಿದರು ಎಂದರ್ಥ. ‘ಆ’ ಅನ್ನಿಸಿ. ದನಿ ತಿಳಿಯಾಗಿದ್ದರೆ ಮುಂದಿನ ಚಮಚ. ಗಳಗಳ ಎಂದರೆ ಕೆಮ್ಮಿಸಿ, ಏನೂ ಕೊಡದೆ ಇನ್ನೊಮ್ಮೆ ನುಂಗಿಸಿ, ಕಾಯಿರಿ. ಬಾಯಲ್ಲಿ ತುತ್ತಿರುವಾಗ ಮಾತಾಡಿಸಬೇಡಿ. ಟಿ.ವಿ. ಆರಿಸಿ. ನೋಡಲು ಬಂದ ನೆಂಟರನ್ನು ಚಾವಡಿಯಲ್ಲೇ ಕೂರಿಸಿ. ಅರ್ಧ ಗಂಟೆಯಾದರೂ ಮುಗಿಯದಿದ್ದರೆ ಅಲ್ಲಿಗೇ ನಿಲ್ಲಿಸಿ. ಸುಸ್ತಾದ ಗಂಟಲು ಜಾಸ್ತಿ ತಪ್ಪು ಮಾಡುತ್ತದೆ.

ಊಟದ ನಂತರ ಬಲವಿಲ್ಲದ ಕೆನ್ನೆಯೊಳಗೆ ನೋಡಿ, ಅನ್ನ ಸಿಕ್ಕಿಕೊಂಡಿರುತ್ತದೆ. ಅದನ್ನು ತೆಗೆದು ಹಲ್ಲು, ನಾಲಿಗೆ ಸ್ವಚ್ಛ ಮಾಡಿ. ಕೊಳಕು ಬಾಯಿಯ ಎಂಜಲು ಶ್ವಾಸಕೋಶಕ್ಕೆ ಹೋದರೂ ನ್ಯುಮೋನಿಯಾ ಬರುತ್ತದೆ. ಈ ಕೆಲಸವನ್ನೇ ಹೆಚ್ಚಿನ ಮನೆಗಳಲ್ಲಿ ಬಿಟ್ಟುಬಿಡುತ್ತಾರೆ, ನನಗೆ ತುಂಬ ಬೇಸರ ತರುವ ಸಂಗತಿ ಇದು. ಆಮೇಲೆ ಅರ್ಧ ಗಂಟೆ ಕುಳಿತೇ ಇರಲಿ.

ಗಂಜಿಯನ್ನು ಏನು ಮಾಡುವುದು?

ಬಿಡಬೇಕಾಗಿಲ್ಲ. ಚೆನ್ನಾಗಿ ಬೇಯಿಸಿ, ಮಿಕ್ಸಿಯಲ್ಲಿ ತಿರುವಿ, ಜರಡಿ ಹಿಡಿಯಿರಿ. ಅಗುಳೂ ತಿಳಿಯೂ ಒಂದೇ ಆಗಬೇಕು. ರಾಗಿ ಮಣ್ಣಿ, ನುಣ್ಣಗೆ ಕಿವುಚಿದ ಬಾಳೆಹಣ್ಣು, ಗಟ್ಟಿ ಮೊಸರು ಅನೇಕರಿಗೆ ಸಲೀಸು. ಒಣ ಅವಲಕ್ಕಿ, ಉದುರು ಅನ್ನ, ಅಂಟುವ ಹಲಸಿನ ಹಣ್ಣು ಬೇಡ. ಮೀನು ಬಿಟ್ಟರೆ ಊಟವೇ ಸೇರದು ಎನ್ನುವವರಿಗೆ ಬಂಗಡೆಯಂಥ ಮುಳ್ಳಿನ ಮೀನು ಬೇಡ. ಇಸ್ವಾಣದ (ಅಂಜಲ್ ಮೀನಿನ) ತುಂಡಿನ ಮಾಂಸ ಬಿಡಿಸಿ, ಬೆರಳಲ್ಲಿ ಸವರಿ ಮುಳ್ಳಿಲ್ಲವೆಂದು ನೋಡಿ, ಗಟ್ಟಿ ಸಾರಿನ ಜೊತೆ ರುಬ್ಬಿ.

ನೀರು, ಚಹಾ, ಕಷಾಯ ಎಷ್ಟು ದಪ್ಪ ಇರಬೇಕೆಂದು ಥೆರಪಿಸ್ಟ್ ಹೇಳುತ್ತಾರೆ. ಅದನ್ನು ಅಳೆಯಲು ಐಡಿಡಿಎಸ್‌ಐ ಎಂಬ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಸುಲಭದ ಪರೀಕ್ಷೆ ಇದೆ. ಮೆಡಿಕಲ್ ಶಾಪಿನಿಂದ 10 ಎಂ.ಎಲ್. ಸಿರಿಂಜ್ ತನ್ನಿ. 0ಯಿಂದ 10ರ ಗೆರೆಯವರೆಗೆ ಉದ್ದ 61.5 ಮಿ.ಮೀ. ಇರಬೇಕು, ಸ್ಕೇಲ್ ಇಟ್ಟು ನೋಡಿ. ಸೂಜಿ, ಹಿಡಿ ಎರಡನ್ನೂ ತೆಗೆಯಿರಿ. ತುದಿಯನ್ನು ಬೆರಳಿಂದ ಮುಚ್ಚಿ, ಕುಡಿಸಬೇಕಾದ್ದನ್ನು 10ರ ಗೆರೆವರೆಗೆ ತುಂಬಿ. ಬೆರಳು ತೆಗೆದು 10 ಸೆಕೆಂಡ್ ಬಿಟ್ಟು ಮತ್ತೆ ಮುಚ್ಚಿ. 1 ಎಂ.ಎಲ್.ಗಿಂತ ಕಡಿಮೆ ಉಳಿದರೆ ಅದು ಬರೀ ನೀರು. 1ರಿಂದ 4 ಉಳಿದರೆ ತುಸು ದಪ್ಪ, 4ರಿಂದ 8 ಆದರೆ ಸಾಧಾರಣ, 8ಕ್ಕಿಂತ ಜಾಸ್ತಿ ಉಳಿದರೆ ಇನ್ನೂ ದಪ್ಪ. ಪಿಷ್ಟ ಹಾಕಿ ದಪ್ಪ ಮಾಡಿದ್ದು ಎಂಜಲು ಬೆರೆತಾಗ ತೆಳ್ಳಗಾಗುತ್ತದೆ, ಹಾಗಾಗಿ ಎಂಜಲು ಚಮಚವನ್ನು ಲೋಟದಲ್ಲಿ ಅದ್ದಬೇಡಿ. ದಪ್ಪ ನೀರು ರುಚಿಸುವುದಿಲ್ಲ, ಕುಡಿಯುವುದು ಕಡಿಮೆಯಾಗುತ್ತದೆ. ಕರಾವಳಿಯ ಸೆಕೆಯಲ್ಲಿ ಇದು ಸಣ್ಣ ಮಾತಲ್ಲ. ದಿನಕ್ಕೆ ಎಷ್ಟು ಹೋಯಿತು, ಮೂತ್ರದ ಬಣ್ಣ ಹೇಗಿದೆ ಎಂದು ಬರೆದಿಡಿ. ಮಾತ್ರೆ ಪುಡಿ ಮಾಡುವ ಮೊದಲೂ ಕೇಳಿ, ಕೆಲವನ್ನು ಪುಡಿ ಮಾಡಬಾರದು.

ತುತ್ತು ಸಿಕ್ಕಿಕೊಂಡು ಕೆಮ್ಮಲೂ ಮಾತಾಡಲೂ ಆಗದಿದ್ದರೆ ಮುಂದಕ್ಕೆ ಬಾಗಿಸಿ, ಹೆಗಲ ಮೂಳೆಗಳ ನಡುವೆ ಅಂಗೈಯಿಂದ 5 ಸಲ ಬಲವಾಗಿ ಹೊಡೆಯಿರಿ. ಹೋಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ತುಸು ಮೇಲ್ಗಡೆ 5 ಸಲ ಒಳಕ್ಕೂ ಮೇಲಕ್ಕೂ ಒತ್ತಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ.

ಮಾತು ನಿಂತಿದ್ದರೆ

ಮಾತು ಹೋದವರಿಗೆ ಬುದ್ಧಿ ಹೋಗಿಲ್ಲ. ಕಿರುಚಬೇಡಿ. ‘ಚಹಾ ಬೇಕಾ?’ ಎಂಬಂಥ ಒಂದೇ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯಿರಿ. ಒಂದು ಶಬ್ದ ಹೇಳಲಾಗದವರು ಗೊತ್ತಿರುವ ಭಜನೆಯ ಸಾಲನ್ನು ಹಾಡುವುದುಂಟು. ವಾರದ ಹೆಸರು, ಎಣಿಕೆಯೂ ಹಾಗೆಯೇ. ಅಲ್ಲಿಂದ ಶುರು ಮಾಡಿ.

ಮಾತಿನ ವಿಷಯ ಬಂದಿದ್ದರಿಂದ ಮಕ್ಕಳ ಬಗ್ಗೆಯೂ ಒಂದು ಮಾತು. ‘ಗಂಡು ಮಗು ತಡವಾಗಿ ಮಾತಾಡುತ್ತೆ’ ಎಂದು ಕಾಯುವುದು ನನಗೆ ಒಪ್ಪಿಗೆಯಿಲ್ಲ. ಒಂದೂವರೆ ವರ್ಷಕ್ಕೂ ಒಂದು ಶಬ್ದ ಇಲ್ಲ, ಎರಡಕ್ಕೆ ‘ಅಮ್ಮ ಬಾ’ ಎಂಬಂಥ ಎರಡು ಶಬ್ದ ಕೂಡುವುದಿಲ್ಲ ಎಂದಾದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ ಇರುವುದರಿಂದ ಮಾತು ತಡವಾಗುವುದಿಲ್ಲ. ಮಗುವಿನ ಜೊತೆ ಕೊಂಕಣಿ ಬಿಡಬೇಡಿ.

ಅಂಗನವಾಡಿಗೂ ಸರ್ಕಾರಿ ಶಾಲೆಗೂ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡಕ್ಕೆ ಮಗುವನ್ನು ತೋರಿಸಿ, 18 ವರ್ಷದವರೆಗೆ ಈ ಯೋಜನೆಯ ಸೇವೆ ಉಚಿತ. ದೊಡ್ಡವರಾದರೆ ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೂರದವರಿಗೆ ವಿಡಿಯೊ ಮೂಲಕವೂ ಥೆರಪಿ ಕೊಡುತ್ತದೆ. ಖಾಸಗಿಯಾಗಿ ಹೋಗುವುದಾದರೆ ಥೆರಪಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯಾ ಎಂದು ಕೇಳಿ. ಇದೆ ಎಂದರೆ, ಮನೆಯಲ್ಲಿ ಏನು ಬೇಯಿಸುತ್ತೀರಿ ಎಂಬುದನ್ನು ಅವರಿಗೆ ಬಿಡಿಸಿ ಹೇಳಿ.